ಎದುರುಮನೆಯಲ್ಲಿಟ್ಟ ಪ್ರಯಾಣ

ಏಪ್ರಿಲ್ 18, ಶನಿವಾರ

ಬೆಳಿಗ್ಗೆ ಇಡ್ಲಿ ತಿನ್ನುತ್ತಾ, ಇನ್ನೊಂದಿಷ್ಟು ಚಟ್ನಿ ಹಾಕು ಎನ್ನುವ ದನಿಯಲ್ಲೇ ಸಮರ್ಥ ಕುಂದಾಪುರದ ರೈಲಿಗೆ ಆರು ಬರ್ತ್ ಬುಕ್ ಮಾಡಿರುವುದಾಗಿ ಹೇಳಿದ. ಮೇ ಎಂಟನೇ ತಾರೀಖು, ಶುಕ್ರವಾರ ಸಂಜೆ. ಅಲ್ಲಿ ಸಮುದ್ರದ ಪಕ್ಕದಲ್ಲೇ ಒಂದು ಮನೆ, ನಾಲ್ಕು ದಿನ. ಅವನು, ನಾನು, ಅತ್ತೆ, ಮಾವ, ಮತ್ತು ಎರಡು ವರ್ಷ ದಾಟಿದ ನಮ್ಮ ಅವಳಿಗಳು, ಧಾತ್ರಿ ಮತ್ತು ಕಿಟ್ಟು. ಬೇಡವೆಂದರೆ ಕ್ಯಾನ್ಸಲ್ ಮಾಡಬಹುದು ಎಂದೂ ಸೇರಿಸಿದ. ನನ್ನ ಗಂಡ ಯಾವಾಗಲೂ ಹೀಗೆ. ಮುಂಬಾಗಿಲು ತೆಗೆಯುವಾಗಲೇ ಹಿತ್ತಲ ಬಾಗಿಲನ್ನೂ ತೋರಿಸಿಬಿಡುತ್ತಾನೆ.

ಯೋಚಿಸಿ ಹೇಳುತ್ತೇನೆ ಎಂದೆ. ಏಳನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವಾಗ ನಾನು ದಿನಾ ಹೇಳುವ ಮಾತೊಂದಿದೆ: ತೀರ್ಮಾನ ಆಮೇಲೆ, ಮೊದಲು ನೋಡಿ, ನೋಡಿದ್ದನ್ನು ಬರೆದಿಡಿ. ಹೇಳುವವಳು ಮಾಡಿಯೂ ತೋರಿಸಬೇಕಲ್ಲ. ಶಾಲೆಗೆ ರಜೆ, ಕೈಯಲ್ಲಿ ಸಮಯವಿದೆ. ಎರಡು ವರ್ಷದ ಎರಡು ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ನೋಡಲು ಹೋಗಬೇಕೋ ಬೇಡವೋ ಎಂಬುದು ಪ್ರಶ್ನೆ. ನನಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನೋಡುವುದು ನನಗೆ ಇಷ್ಟ.

ಸಂಜೆ: ಧಾತ್ರಿ 98.2. ಕಿಟ್ಟು 98.4.

ಏಪ್ರಿಲ್ 20, ಸೋಮವಾರ

ಮನೆಯವರ ಅಭಿಪ್ರಾಯ ಸಂಗ್ರಹಿಸಿದೆ.

ಅತ್ತೆ ಬೇಡ ಎನ್ನುತ್ತಾರೆ. ಬೇಡ ಎಂಬ ಮಾತನ್ನು ಮಾತ್ರ ಹೇಳಿಲ್ಲ, ಅದರ ಸುತ್ತ ಇರುವುದನ್ನೆಲ್ಲಾ ಹೇಳಿದರು. ಅಲ್ಲಿ ಬೆವರು ಜಾಸ್ತಿ, ನೀರು ಬೇರೆ, ಅಕ್ಕಿ ಬೇರೆ, ಮಕ್ಕಳಿಗೆ ಹೊಟ್ಟೆ ಕೆಡುತ್ತದೆ, ದೃಷ್ಟಿಯಾಗುತ್ತದೆ. ಹೂ ಕಟ್ಟುತ್ತಾ ಒಂದೊಂದು ಗಂಟಿಗೂ ಒಂದೊಂದು ಕಾರಣ ಕೊಟ್ಟರು. ಮಾಲೆ ಉದ್ದವಾಯಿತು. ದೇವರಿಗೆ ಮಾಲೆ ಕಟ್ಟಿದ ಗೋದಾ ಎಂಬವಳ ಹೆಸರು ಅವರದು, ಅದಕ್ಕೆ ತಕ್ಕ ಹಾಗೆ ಹೂವಿನಲ್ಲಿ ಅವರಿಗೆ ಕೈ ತಪ್ಪುವುದೇ ಇಲ್ಲ.

ಮಾವ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಹೋದರೆ ಒಳ್ಳೆಯದು, ಹೋಗದಿದ್ದರೂ ಒಳ್ಳೆಯದು. ಆದರೆ ಅವರ ಕೈ ಪಂಚಾಂಗದಲ್ಲಿತ್ತು, ಅದನ್ನು ನಾನು ಗಮನಿಸಿದೆ. ಶುಕ್ರವಾರ ಪಶ್ಚಿಮ ದಿಕ್ಕಿಗೆ ವಾರಶೂಲೆಯಂತೆ, ಆ ದಿನ ಆ ಕಡೆ ಹೊರಡಬಾರದಂತೆ. ಇದನ್ನು ನನಗಲ್ಲ, ಅತ್ತೆಗೆ ಹೇಳಿದರು. ಅತ್ತೆ ತಲೆ ಎತ್ತದೆ ಹೂಂಗುಟ್ಟಿದರು.

ಮಕ್ಕಳನ್ನೂ ಕೇಳಿದೆ. ಸಮುದ್ರ ಎಂದರೆ ಏನು? ಕಿಟ್ಟು ತಕ್ಷಣ ಬಕೆಟ್ ಎಂದ. ಧಾತ್ರಿ ಸ್ವಲ್ಪ ಯೋಚಿಸಿ, ಹೊಸದೇನನ್ನು ಕಂಡರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಕಚ್ಚುತ್ತಾ?"

ಇಬ್ಬರಲ್ಲಿ ಇವಳು ನನ್ನ ಮಗಳು ಎಂದು ಯಾರಿಗಾದರೂ ತಿಳಿಯುತ್ತದೆ.

ಧಾತ್ರಿ 98.4. ಕಿಟ್ಟು 98.2. ಮಲಗುವ ಮುಂಚೆ ಇನ್ನೊಮ್ಮೆ ನೋಡಿದೆ, ಅಷ್ಟೇ ಇತ್ತು.

ಏಪ್ರಿಲ್ 23, ಗುರುವಾರ

ಎರಡು ದಿನ ಬರೆಯಲಿಲ್ಲ. ಬರೆಯಬೇಕಾದ್ದನ್ನು ಬಿಟ್ಟು ಬೇರೆ ಎಲ್ಲಾ ಬರೆಯುತ್ತಿದ್ದೇನೆ ಅನ್ನಿಸಿ ಪೆನ್ನು ಮುಚ್ಚಿಟ್ಟಿದ್ದೆ. ಇವತ್ತು ಬರೆದುಬಿಡುತ್ತೇನೆ.

ಹೋದ ವರ್ಷ ಜೂನ್‌ನಲ್ಲಿ ಮೈಸೂರಿಗೆ ಮದುವೆಗೆ ಹೋಗಿದ್ದೆವು. ಮಕ್ಕಳಿಗೆ ಆಗ ಒಂದೂವರೆ ವರ್ಷ. ಧಾತ್ರಿಗೆ ಬೆಳಿಗ್ಗೆಯಿಂದ ಮೈ ಬೆಚ್ಚಗಿತ್ತು, ಛತ್ರದ ಸೆಕೆ ಎಂದುಕೊಂಡೆವು. ನಾನು ಊಟದ ಎಲೆಯ ಮುಂದೆ ಕಿಟ್ಟುವನ್ನು ಕೂರಿಸಿಕೊಂಡಿದ್ದೆ. ಧಾತ್ರಿ ಅತ್ತೆಯ ತೊಡೆಯ ಮೇಲಿದ್ದಳು. ಅತ್ತೆ ಕೂಗಿದ ಕೂಗು ನಾದಸ್ವರವನ್ನೂ ಮೀರಿ ಕೇಳಿಸಿತು. ನಾನು ಹೋಗಿ ನೋಡುವಾಗ ಮಗುವಿನ ಕಣ್ಣು ಮೇಲೆ ಹೋಗಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು. ಜ್ವರದ ಫಿಟ್ಸ್. ಆಸ್ಪತ್ರೆಗೆ ತಲುಪುವಷ್ಟರಲ್ಲಿ ನಿಂತುಹೋಗಿತ್ತು. ಸಂಜೆಗೆಲ್ಲಾ ಅವಳು ಬಾಳೆಹಣ್ಣು ತಿಂದಳು.

ನಮ್ಮ ಮಲ್ಲೇಶ್ವರದ ಡಾಕ್ಟರಮ್ಮ ಆಮೇಲೆ ಎಲ್ಲಾ ವಿವರಿಸಿದರು. ಎಷ್ಟೋ ಮಕ್ಕಳಿಗೆ ಬರುತ್ತದೆ, ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಅಪಾಯವಿಲ್ಲ, ದೊಡ್ಡವರಾಗುತ್ತಾ ತಾನೇ ಹೋಗುತ್ತದೆ. ಇವೆಲ್ಲಾ ನನಗೂ ಗೊತ್ತು, ಓದಿದ್ದೇನೆ. ಆ ವಾರವೇ ಸಂಪಿಗೆ ರಸ್ತೆಯ ಮೆಡಿಕಲ್ ಸ್ಟೋರಿನಲ್ಲಿ ಒಂದು ಥರ್ಮಾಮೀಟರ್ ತಂದೆ. ಬಿಳೀದು, ಬಾಲದ ಹತ್ತಿರ ಧಾತ್ರಿ ಕಚ್ಚಿದ ಗುರುತಿದೆ. ಅಂದಿನಿಂದ ಮಕ್ಕಳನ್ನು ಕರೆದುಕೊಂಡು ನಾನು ಮಲ್ಲೇಶ್ವರ ದಾಟಿಲ್ಲ. ತೀರ್ಮಾನ ಮಾಡಿ ಹಾಗೆ ಇದ್ದದ್ದಲ್ಲ. ಪ್ರತಿ ಸಲವೂ ಏನೋ ಒಂದು ಕಾರಣ ಇರುತ್ತಿತ್ತು.

ಹಾಗಾದರೆ ಪ್ರಶ್ನೆಯೇ ಬೇರೆ. ಮಕ್ಕಳಿಗೆ ಪ್ರಯಾಣ ಆಗುತ್ತದೆಯೇ ಎಂದಲ್ಲ. ನನಗೆ ಆಗುತ್ತದೆಯೇ? ಆಗದಿದ್ದರೆ ಈ ಮಕ್ಕಳು ಎಷ್ಟು ವರ್ಷದವರೆಗೆ ಮಲ್ಲೇಶ್ವರದ ಎರಡು ರಸ್ತೆಗಳ ನಡುವೆ ಬೆಳೆಯಬೇಕು?

ಧಾತ್ರಿ 98.6. ಮತ್ತೆ ನೋಡಿದೆ, 98.4. ಮತ್ತೆ, 98.4. ಕಿಟ್ಟು 98.2.

ಏಪ್ರಿಲ್ 26, ಭಾನುವಾರ

ಪ್ರಯೋಗ ಮಾಡಿದೆವು. ರೈಲು ಎಂದರೆ ಹೇಗೆ ಆಡುತ್ತಾರೆ ನೋಡೋಣ ಎಂದು ಸಂಪಿಗೆ ರಸ್ತೆಯಿಂದ ಮೆಟ್ರೋ ಹತ್ತಿ ಲಾಲ್‌ಬಾಗ್‌ಗೆ ಹೋಗಿ ಬಂದೆವು. ಐಡಿಯಾ ನನ್ನದೇ. ಸಮರ್ಥ ಮಾತಾಡದೆ ಮಕ್ಕಳಿಗೆ ಚಪ್ಪಲಿ ಹಾಕಿದ, ಮಾತಾಡಿದರೆ ನಾನು ಮನಸ್ಸು ಬದಲಾಯಿಸುತ್ತೇನೆ ಎಂಬ ಹೆದರಿಕೆಯಿಂದಲೇ ಇರಬೇಕು.

ಕಂಡದ್ದು: ಕಿಟ್ಟುಗೆ ರೈಲಿಗಿಂತ ಎಸ್ಕಲೇಟರ್ ಇಷ್ಟ. ಧಾತ್ರಿ ರೈಲಿನ ಬಾಗಿಲು ಕಚ್ಚುತ್ತದೆಯೇ ಎಂದು ಕೇಳಿದಳು, ಈ ಸಲ ಪ್ರಶ್ನೆ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜನ ಕೈಗಡಿಯಾರವನ್ನು ಲಾಲ್‌ಬಾಗ್ ಬರುವವರೆಗೂ ತಿರುಗಿಸಿದಳು. ಅವರನ್ನು ಬಿಟ್ಟು ಇಳಿಯುವಾಗ ಅತ್ತಳು. ಇವಳು ಅಪರಿಚಿತರನ್ನು ಹಚ್ಚಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಅಪರಿಚಿತರ ಹತ್ತಿರ ನಾನು ಬಿಟ್ಟಿದ್ದರಲ್ಲವೇ ಗೊತ್ತಾಗುವುದು.

ಕಲ್ಲುಬಂಡೆಯ ಮೇಲೆ ಕೂತು ಥರ್ಮಾಮೀಟರ್ ತೆಗೆದೆ. ಸಮರ್ಥ ಆ ಕಡೆ ತಿರುಗಿ ಕೂತ. ಇಬ್ಬರದೂ ಸರಿಯಾಗಿತ್ತು.

ಏಪ್ರಿಲ್ 29, ಬುಧವಾರ

ಏನೂ ತೀರ್ಮಾನವಾಗಿಲ್ಲ. ಅತ್ತೆ ಇವತ್ತು ಸೊಳ್ಳೆಯ ವಿಷಯ ತೆಗೆದರು. ನಾನು ಪ್ರವಾಸದ ಬಗ್ಗೆ ಕೇಳಿರಲೂ ಇಲ್ಲ.

98.4. 98.4.

ಮೇ 2, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ. ಹೀಗೊಂದು ನಡೆಯಬಹುದು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಬೆಳಿಗ್ಗೆಯೇ ಥರ್ಮಾಮೀಟರ್ ಕಾಣಿಸಲಿಲ್ಲ. ಫ್ರಿಜ್ಜಿನ ಮೇಲೆ, ದಿಂಬಿನ ಕೆಳಗೆ, ಅಕ್ಕಿ ಡಬ್ಬದಲ್ಲಿ ಕೂಡ ನೋಡಿದೆ, ಕಿಟ್ಟುಗೆ ಸಿಕ್ಕಿದ್ದೆಲ್ಲಾ ಕೊನೆಗೆ ಅಲ್ಲೇ ಸಿಗುವುದು. ಸಿಗಲಿಲ್ಲ. ಮಧ್ಯಾಹ್ನ ಹೋಗಿ ಹೊಸದೊಂದು ತಂದೆ. ನೀಲಿ. ಅದು ತೋರಿಸುವುದನ್ನು ನಂಬುವುದು ಹೇಗೆ ಎಂದು ನನ್ನ ಮೇಲೇ ಮೂರು ಸಲ ಪರೀಕ್ಷೆ ಮಾಡಿಕೊಂಡೆ.

ಸಂಜೆ ಧಾತ್ರಿಯ ಜೋಜು ಇರಲಿಲ್ಲ. ಜೋಜು ಎಂದರೆ ಅತ್ತೆಯ ಹಳೇ ಹತ್ತಿ ಸೀರೆಯ ಒಂದು ತುಂಡು, ಹುಟ್ಟಿದಾಗ ಸುತ್ತಿಕೊಂಡು ಬಂದದ್ದು. ಅದರ ತುದಿ ಕೈಯಲ್ಲಿಲ್ಲದೆ ಅವಳು ಮಲಗುವುದಿಲ್ಲ. ಮನೆ ತಲೆಕೆಳಗಾಯಿತು. ಅವಳು ಅಳುತ್ತಾ ಅಳುತ್ತಾ ಕೆಂಪಗಾದಳು. ಅವಳು ಕೆಂಪಾದರೆ ನನಗೆ ಕೈಕಾಲು ಆಡುವುದಿಲ್ಲ. ಆಗ ಅತ್ತೆ, ದೇವರಮನೆಯ ಬಾಗಿಲಲ್ಲಿ ನಿಂತು, ಅದು ಎದುರುಮನೆ ವಿಶಾಲಾಕ್ಷಮ್ಮನ ಹತ್ತಿರ ಇದೆ ಎಂದರು.

ಪ್ರಸ್ಥಾನ ಇಟ್ಟಿದ್ದಾರಂತೆ! ಈ ಪದವನ್ನು ನಾನು ನನ್ನಜ್ಜಿಯ ಬಾಯಲ್ಲಿ ಕೇಳಿದ್ದೆ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಹೊರಡುವವರ ವಸ್ತುಗಳನ್ನು ಚೀಲಕ್ಕೆ ಹಾಕಿ, ಅರಿಶಿನದ ದಾರ ಕಟ್ಟಿ, ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಶುಕ್ರವಾರವಿರಲಿ, ಶೂಲೆಯಿರಲಿ, ಹೊರಟವರಿಗೆ ಅಡ್ಡಿಯಿಲ್ಲ. ಎರಡೇ ನಿಯಮ. ವಾರದೊಳಗೆ ಹೊರಟುಬಿಡಬೇಕು. ಚೀಲ ವಾಪಸ್ ಮನೆಗೆ ಬರಬಾರದು.

ಹೋಗುವುದೇ ತೀರ್ಮಾನವಾಗಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಎಂದರೆ ಇದೇ. ಅದೂ ಯಾರು? ಹತ್ತು ದಿನದಿಂದ ಸೊಳ್ಳೆ, ಬೆವರು, ದೃಷ್ಟಿ ಎನ್ನುತ್ತಿದ್ದವರು. ಕೇಳಿದರೆ, ಶನಿವಾರ ದಿನ ಚೆನ್ನಾಗಿತ್ತು, ಇಟ್ಟೆ ಎಂದಷ್ಟೇ ಹೇಳಿ ಒಳಗೆ ಹೋದರು.

ನನಗೆ ಸಿಟ್ಟು ಬಂತು. ಅಳುವ ಮಗುವನ್ನು ಎತ್ತಿಕೊಂಡು ರಸ್ತೆ ದಾಟಿದೆ. ವಿಶಾಲಾಕ್ಷಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ರಿಟೈರಾದವರು, ದನಿ ಇನ್ನೂ ಟ್ರಂಕ್ ಕಾಲಿನದ್ದೇ. ಅವರ ಹಾಲಿನಲ್ಲಿ ದಿನಾ ಸಂಜೆಯ ಹಾಗೆ ನಾಲ್ಕು ಜನ ಹೆಂಗಸರು ಇಸ್ಪೀಟ್ ಆಡುತ್ತಿದ್ದರು, ಮಧ್ಯೆ ಹುಣಿಸೆಬೀಜದ ರಾಶಿ. ಗೋಡೆಯ ಪಕ್ಕ ಬೆಂಚಿನ ಮೇಲೆ ನಮ್ಮ ಹಸಿರು ಚೀಲ, ಬಾಯಿಗೆ ಹಳದಿ ದಾರ. ಅದನ್ನು ಕೊಡಿ ಎಂದೆ.

"ಕೊಡೋಕಾಗಲ್ಲ ಕಣಮ್ಮ," ಎಂದರು ಅವರು, ಕೈಯಲ್ಲಿದ್ದ ಎಲೆ ಕೆಳಗಿಡದೆ. "ನಮ್ಮನೇಲಿರೋದು ಬರೀ ಬ್ಯಾಗಲ್ಲ, ನಿಮ್ಮ ಪ್ರಯಾಣ. ನಾನು ಕೊಟ್ರೆ ನಾನೇ ಅದನ್ನ ನಿಲ್ಲಿಸಿದ ಹಾಗಾಗುತ್ತೆ."

ನಾನು ವಿಜ್ಞಾನದ ಟೀಚರ್ ಎಂದು ಅವರಿಗೆ ನೆನಪಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಎದ್ದು ಬಂದು, ಗಂಟು ಬಿಚ್ಚದೆ, ಚೀಲದ ಬಾಯಿಯಿಂದ ಜೋಜುವಿನ ತುದಿಯನ್ನು ಮೆಲ್ಲಗೆ ಹೊರಗೆಳೆದರು. ಒಂದು ಗೇಣು ಬಂತು. ಧಾತ್ರಿ ನನ್ನ ತೋಳಿನಿಂದ ಜಾರಿ, ಬೆಂಚಿನ ಮೇಲೆ ಹತ್ತಿ, ಚೀಲಕ್ಕೆ ಒರಗಿ ಆ ತುದಿ ಹಿಡಿದು ಮಲಗಿಬಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪಾರ್ವತಮ್ಮ ಎನ್ನುವವರು ಆಟ ಮುಂದುವರಿಸಿ ಎಂದರು. ನಾನು ಪಕ್ಕದಲ್ಲಿ ಕೂತೆ. ನಿದ್ದೆ ಗಟ್ಟಿಯಾದ ಮೇಲೆ ಬೆರಳು ಬಿಡಿಸಿ ಮನೆಗೆ ಎತ್ತಿಕೊಂಡು ಬಂದೆ.

ಹೊಸ ಥರ್ಮಾಮೀಟರ್: ಧಾತ್ರಿ 98.8. ಅತ್ತಿದ್ದಕ್ಕೆ ಇರಬಹುದು. ಕಿಟ್ಟು 98.4.

ಮೇ 3, ಭಾನುವಾರ

ಅತ್ತೆಯ ಜೊತೆ ಮಾತು ಬಿಟ್ಟಿದ್ದೇನೆ. ಅವರಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ.

ಸಂಜೆ ಧಾತ್ರಿ ತಾನಾಗಿಯೇ ಚಪ್ಪಲಿ ಹುಡುಕಿ ಎದುರುಮನೆಯ ಕಡೆ ಕೈ ತೋರಿಸಿದಳು. ಹೋದೆವು. ಅವಳಿಗೆ ಆ ಹೆಂಗಸರು ಹುಣಿಸೆಬೀಜ ಎಣಿಸುವ ಕೆಲಸ ಕೊಟ್ಟಿದ್ದಾರೆ. ಒಂದು, ಎರಡು, ಆರು, ಹತ್ತು. ಬೀಜ ಬಾಯಿಗೆ ಹಾಕಿಕೊಳ್ಳುತ್ತಾಳೇನೋ ಎಂದು ನಾನು ಕಣ್ಣು ಕೀಳದೆ ಕೂತಿದ್ದೆ. ವಿಶಾಲಾಕ್ಷಮ್ಮ, ಸುಮ್ಮನೆ ಕೂರುವವರಿಗೆ ನಮ್ಮನೆಯಲ್ಲಿ ಜಾಗವಿಲ್ಲ ಎಂದು ನನಗೂ ಎಲೆ ಹಂಚಿದರು. ರಮ್ಮಿ ಕಾಲೇಜಿನಲ್ಲಿ ಆಡಿದ್ದು. ಎರಡಾಟ ಸೋತು ಮೂರನೆಯದರಲ್ಲಿ ಗೆದ್ದೆ. ತಲೆ ಎತ್ತಿ ನೋಡಿದರೆ ಮಗು ಆಗಲೇ ಚೀಲಕ್ಕೆ ಒರಗಿ ನಿದ್ದೆ ಹೋಗಿತ್ತು.

ಇಬ್ಬರದೂ ಸರಿಯಿದೆ.

ಮೇ 5, ಮಂಗಳವಾರ

ನಿನ್ನೆ ಎತ್ತಿಕೊಂಡು ಬರುವಾಗ ರಸ್ತೆಯಲ್ಲಿ ಯಾರದೋ ಸ್ಕೂಟರ್ ಹಾರನ್ನಿಗೆ ಎದ್ದು, ಜೋಜು ಇಲ್ಲದೆ ರಂಪ ಮಾಡಿದಳು. ಆದ್ದರಿಂದ ಇವತ್ತು ವಿಶಾಲಾಕ್ಷಮ್ಮ, ಬೆಳಿಗ್ಗೆಯವರೆಗೂ ಇಲ್ಲೇ ಮಲಗಲಿ ಎಂದರು. ಮೊದಲು ಬೇಡ ಎಂದೆ. ಆಮೇಲೆ, ಜೋಜುವಿನ ಪಕ್ಕ ಹಾಸಿಗೆ ಹಾಸಿದರೆ ಅವಳು ಎದ್ದರೂ ಮತ್ತೆ ತಾನೇ ಮಲಗುತ್ತಾಳೋ ಇಲ್ಲವೋ ನೋಡುವ ಕುತೂಹಲವಾಯಿತು. ಅದು ರೈಲಿನಲ್ಲೂ ಉಪಯೋಗಕ್ಕೆ ಬರುವ ಮಾಹಿತಿ. ಅತ್ತೆ ತಾವೂ ಅಲ್ಲೇ ಮಲಗುತ್ತೇನೆ ಎಂದು ದಿಂಬು ತೆಗೆದುಕೊಂಡು ಹೋದರು.

ಇಲ್ಲಿ ಕಿಟ್ಟು ಹಾಸಿಗೆಗೆ ಅಡ್ಡಡ್ಡ ಮಲಗಿದ್ದಾನೆ. ಒಂದೇ ಮಗು ಎರಡು ಮಕ್ಕಳಿಗಿಂತ ಜಾಸ್ತಿ ಜಾಗ ಹಿಡಿಯುವುದು ಹೇಗೆ? ನಾನೂ ಸಮರ್ಥನೂ ಅಂಚಿನಲ್ಲಿ ನೇತಾಡುತ್ತಾ ಬಹಳ ದಿನದ ಮೇಲೆ ಬೇರೆ ಏನೇನೋ ಮಾತಾಡಿದೆವು. ಕುಂದಾಪುರದ ಮನೆಯ ಫೋಟೋ ತೋರಿಸಿದ. ಜಗಲಿಯಿಂದ ಮೂರು ಮೆಟ್ಟಿಲು ಇಳಿದರೆ ಮರಳು. ಮೆಟ್ಟಿಲಿಗೆ ಕಟಕಟೆ ಇಲ್ಲ, ಅದನ್ನು ಕೇಳಬೇಕು.

ಮೇ 6, ಬುಧವಾರ

ಬೆಳಿಗ್ಗೆ ಅತ್ತೆ ಧಾತ್ರಿಯನ್ನು ಎತ್ತಿಕೊಂಡು ಬಂದರು. ಅವರ ಮುಖ ನೋಡಿದ ಕೂಡಲೇ ಗೊತ್ತಾಯಿತು. 100.6.

ಸಮರ್ಥನಿಗೆ ಫೋನ್ ಮಾಡಿ ಟಿಕೆಟ್ ಕ್ಯಾನ್ಸಲ್ ಮಾಡು ಎಂದೆ. ಸಂಜೆವರೆಗೆ ನೋಡೋಣ ಎಂದ. ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಡಾಕ್ಟರಮ್ಮನ ಹತ್ತಿರ ಓಡಿದೆವು, ಅತ್ತೆಯೂ ನಾನೂ, ಆಟೋದಲ್ಲಿ. ಡಾಕ್ಟರಮ್ಮ ಗಂಟಲು ನೋಡಿದರು, ಕಿವಿ ನೋಡಿದರು, ಹಿಂದಿನ ದವಡೆ ಹಲ್ಲು ಬರುತ್ತಿದೆ, ಗಂಟಲೂ ಸ್ವಲ್ಪ ಕೆಂಪಾಗಿದೆ ಎಂದು ಸಿರಪ್ ಬರೆದುಕೊಟ್ಟರು. ಊರಿಗೆ ಹೋಗಬಹುದೇ ಎಂದು ಕೇಳಿದ್ದು ನಾನಲ್ಲ, ಅತ್ತೆ. ನಾಳೆ ಆಡಿಕೊಂಡಿದ್ದರೆ ಹೋಗಿ ಎಂದರು.

ಮನೆಗೆ ಬಂದ ಮೇಲೆ ಅತ್ತೆ ಬಟ್ಟೆ ಒದ್ದೆ ಮಾಡಿ ಅವಳ ಹಣೆ ಒರೆಸುತ್ತಿದ್ದರು. ಬಟ್ಟೆ ಹಿಂಡುವಾಗಲೂ ಅವರ ಕಣ್ಣು ಮಗುವಿನ ಮುಖದ ಮೇಲೇ ಇತ್ತು. ನೀರು ಬಟ್ಟಲಿಗೆ ಬೀಳದೆ ಅವರ ಸೀರೆಯ ಮೇಲೇ ಬೀಳುತ್ತಿತ್ತು. ಅವರ ಭಯವನ್ನು ನಾನು ಮೊದಲು ಯಾಕೆ ನೋಡಲಿಲ್ಲ? ಮೈಸೂರಿನಲ್ಲಿ ಮಗು ಇದ್ದದ್ದು ಅವರ ತೊಡೆಯ ಮೇಲೆ. ನಾನು ಓಡಿಬರುವ ಮೊದಲು ಕಂಡದ್ದು ಅವರೊಬ್ಬರೇ. ಇಷ್ಟು ದಿನ ಈ ಭಯ ನನ್ನೊಬ್ಬಳ ಆಸ್ತಿ ಎಂಬಂತೆ ಬೀಗ ಹಾಕಿ ಇಟ್ಟುಕೊಂಡಿದ್ದೆ.

ಬಟ್ಟೆ ಅವರ ಕೈಯಿಂದ ತೆಗೆದುಕೊಂಡೆ. ಮಾತು ಬಿಟ್ಟಿದ್ದು ಮರೆತು, ನಿಮಗೂ ಇಷ್ಟು ಭಯವಿದ್ದರೆ ಯಾಕೆ ಇಟ್ಟಿರಿ ಎಂದು ಕೇಳಿದೆ.

"ಭಯ ಇದ್ದಿದ್ದಕ್ಕೇ ಇಟ್ಟಿದ್ದು ಕಣೇ," ಎಂದರು. "ದಿನಾ ಬೆಳಿಗ್ಗೆ ಎದ್ದು ಹೋಗೋದು ಬೇಡ ಅಂತ ಬಾಯಿಗೆ ಬರ್ತಿತ್ತು. ಇಟ್ಬಿಟ್ರೆ ಆಮೇಲೆ ಬೇಡ ಅನ್ನೋಕಾಗಲ್ಲ ನೋಡು. ನನ್ನ ಬಾಯಿ ಕಟ್ಟೋಕೆ ಅಂತ ಇಟ್ಟೆ."

ಮಗುವಿನ ಕಾಲು ಒತ್ತುತ್ತಾ ಮತ್ತೆ ಹೇಳಿದರು. "ನಾವಿಬ್ರೂ ಹೀಗೇ ಕೂತ್ರೆ ಇದು ಕಿಟಕಿ ಸರಳು ಹಿಡ್ಕೊಂಡೇ ದೊಡ್ಡದಾಗುತ್ತೆ, ಆರಾಧನಾ."

ನನಗೆ ಅಳು ಬಂತು. ಅತ್ತೆಯ ಮುಂದೆ ಅತ್ತದ್ದು ಇದೇ ಮೊದಲು. ಅವರು ಸಮಾಧಾನ ಮಾಡಲಿಲ್ಲ, ಅಡುಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ತಂದರು.

ಮಧ್ಯಾಹ್ನ ಧಾತ್ರಿ ಎದ್ದು ಕಿಟ್ಟುವಿನ ಬೆನ್ನಿನ ಮೇಲೆ ಕೂತು ಅವನನ್ನು ರೈಲು ಮಾಡಿದಳು. ಸಂಜೆ ಇಸ್ಪೀಟಿನವರು ಮಗುವಿಗೆ ಹೇಗಿದೆ ಎಂದು ಆಟ ಬಿಟ್ಟು ಎದ್ದು ಬಂದರು. ಅವರು ಆಟ ಬಿಟ್ಟು ಎದ್ದದ್ದನ್ನು ಈ ರಸ್ತೆಯಲ್ಲಿ ಯಾರೂ ನೋಡಿಲ್ಲವಂತೆ. ಕೊನೆಗೆ ಮಗುವೇ ಅವರ ಕೈ ಹಿಡಿದು ಜೋಜುವಿನ ಹತ್ತಿರ ಹೋಯಿತು. ಅತ್ತೆಯೂ ದಿಂಬು ತೆಗೆದುಕೊಂಡು ಹಿಂದೆಯೇ ಹೊರಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಮೇ 7, ಗುರುವಾರ

ಬೆಳಿಗ್ಗೆ ಧಾತ್ರಿ ಎರಡು ದೋಸೆ ತಿಂದಳು, ಒಂದು ಅವಳದ್ದು, ಒಂದು ಕಿಟ್ಟುವಿನದ್ದು.

ಪುಳಿಯೋಗರೆ ಗೊಜ್ಜಿಗೆ ಹುಣಿಸೆಹಣ್ಣು ನೆನೆಹಾಕಿದೆ. ಮೆಣಸಿನಕಾಯಿ, ಧನಿಯಾ, ಮೆಂತ್ಯ, ಎಳ್ಳು ಹುರಿಯುತ್ತಿದ್ದಾಗ ಅತ್ತೆ ಒಳಗೆ ಬಂದು ಬಾಣಲೆ ನೋಡಿದರು, ನನ್ನನ್ನು ನೋಡಿದರು, ಇಂಗಿನ ಡಬ್ಬಿ ಕೈಗೆ ಕೊಟ್ಟರು. ಗೊಜ್ಜು ಕುದಿಯುವ ವಾಸನೆಗೆ ಮಾವ ಎದ್ದು ಬಂದು, ಹಾಗಾದರೆ ಹೋಗುವುದೇ ಎಂದು ಕೇಳಿದರು. ಸಮುದ್ರದ ಏರಿಳಿತ ಯಾವ ಹೊತ್ತಿಗೆ ಎಂದು ಅವರು ಮೊದಲ ದಿನದಿಂದ ಬರೆದಿಟ್ಟುಕೊಂಡಿದ್ದಾರೆಂದು ಆಗ ತಿಳಿಯಿತು. ಅಡ್ಡಗೋಡೆಯ ಆಚೆ ಬದಿಯಲ್ಲಿ ಅವರು ಇಷ್ಟೆಲ್ಲಾ ಇಟ್ಟುಕೊಂಡಿದ್ದರು.

ಆ ಮನೆಯವರಿಗೆ ಫೋನ್ ಮಾಡಿ ಮೆಟ್ಟಿಲಿಗೆ ಒಂದು ಹಲಗೆ ಅಡ್ಡ ಇಡಿಸಲು ಹೇಳಿದೆ. ಪಕ್ಕದ ಬೀದಿಯಲ್ಲೇ ಒಬ್ಬರು ಡಾಕ್ಟರ್ ಇದ್ದಾರಂತೆ, ಅದನ್ನು ಅವರೇ ಹೇಳಿದರು. ಬಟ್ಟೆ, ಡಯಾಪರ್, ಸಿರಪ್, ಹುರಿಹಿಟ್ಟು, ಟೋಪಿ, ಬಕೆಟ್. ಇಷ್ಟು ಚಿಕ್ಕ ಮನುಷ್ಯರಿಗೆ ಇಷ್ಟು ದೊಡ್ಡ ಸಾಮಾನು ಯಾಕೆ ಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ.

ಮೇ 8, ಶುಕ್ರವಾರ. ರೈಲಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಯಶವಂತಪುರ ಬಿಟ್ಟು ಸ್ವಲ್ಪ ಹೊತ್ತಾಯಿತು.

ಮನೆಗೆ ಬೀಗ ಹಾಕಿ ನೇರ ಎದುರುಮನೆಗೆ ಹೋದೆವು. ನಿಯಮದ ಪ್ರಕಾರ ಚೀಲ ತೆಗೆದುಕೊಂಡ ಮೇಲೆ ತಿರುಗಿ ಮನೆಯೊಳಗೆ ಕಾಲಿಡಬಾರದು. ಸಮರ್ಥ ಫೋನ್ ಚಾರ್ಜರ್ ಮರೆತಿದ್ದ, ಅತ್ತೆ ಬಿಡಲಿಲ್ಲ. ವಿಶಾಲಾಕ್ಷಮ್ಮ ಚೀಲವನ್ನು ನನ್ನ ಕೈಗೇ ಕೊಟ್ಟು, ನಿಮ್ಮ ಪ್ರಯಾಣ ತಗೋಮ್ಮ, ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದೆ ಎಂದರು. ಪಾರ್ವತಮ್ಮ ಧಾತ್ರಿಯ ಮುಷ್ಟಿಗೆ ಹುಣಿಸೆಬೀಜ ತುಂಬಿದರು. ಆಟೋದಲ್ಲಿ ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ನನಗೂ ಅತ್ತೆಗೂ ಸಾಕುಸಾಕಾಯಿತು.

ರೈಲು ಹೊರಟ ಮೇಲೆ ಅತ್ತೆ ಚೀಲದ ದಾರ ಬಿಚ್ಚಿದರು. ಜೋಜು ಹೊರಬಂತು, ಧಾತ್ರಿ ಅದನ್ನು ಪೂರ್ತಿ ಮೈಗೆ ಸುತ್ತಿಕೊಂಡು ಕಿಟಕಿಗೆ ಹಣೆ ಒತ್ತಿದಳು. ಆಮೇಲೆ ಒಂದೊಂದೇ ತೆಗೆದು ಅವರವರ ಕೈಗೆ ಕೊಟ್ಟರು. ಮಾವನ ಹಳೇ ಕನ್ನಡಕ. ಸಮರ್ಥನ ಬಾಚಣಿಗೆ, ಇದೂ ಕಳೆದಿದೆ ಎಂದು ಅವನು ವಾರದಿಂದ ಹುಡುಕುತ್ತಿದ್ದ. ಕಿಟ್ಟುವಿನ ಒಂದು ಚಕ್ರ ಹೋದ ಲಾರಿ. ಅವರದೇ ಹೂ ಕಟ್ಟುವ ಬಾಳೆನಾರು. ಕೊನೆಗೆ ಅರಿಶಿನದ ಕೊಂಬು, ಅಡಿಕೆಯ ಜೊತೆ ಸುತ್ತಿಟ್ಟ ಒಂದು ಪುಟ್ಟ ಪೊಟ್ಟಣ ನನ್ನ ಕೈಗೆ ಬಂತು.

ಬಿಳೀ ಥರ್ಮಾಮೀಟರ್. ಬಾಲದ ಹತ್ತಿರ ಹಲ್ಲಿನ ಗುರುತು.

ನಾನು ಅತ್ತೆಯನ್ನು ನೋಡಿದೆ. ಅವರು ಕಣ್ಣು ತಪ್ಪಿಸಿದರು.

"ಹೊರಡೋರು ದಿನಾ ಕೈಯಲ್ಲಿ ಹಿಡಿಯೋ ವಸ್ತು ಇಡಬೇಕು," ಎಂದರು. "ನಿಂದು ಅಂತ ಏನಿಡೋದು ಅಂತ ಮನೆಯೆಲ್ಲಾ ಹುಡುಕಿದೆ ಕಣೇ. ಇದೊಂದೇ ಸಿಕ್ತು."

ಹೇಳುವ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಕೈಯಲ್ಲಿ ಭೂತಗನ್ನಡಿ ಇರುತ್ತಿತ್ತು, ಹಿತ್ತಲಲ್ಲಿ ಇರುವೆಗಳ ಹಿಂದೆ ಹೋಗುತ್ತಿದ್ದೆ. ಬಣ್ಣದ ಪೆನ್ಸಿಲ್ ಇತ್ತು, ಎಲೆಗಳ ಚಿತ್ರ ಬರೆಯುತ್ತಿದ್ದೆ. ಅವೆಲ್ಲಾ ಯಾವ ಕಪಾಟಿನಲ್ಲಿವೆ ಎಂದು ನನಗೇ ಗೊತ್ತಿಲ್ಲ. ಅತ್ತೆಗೆ ಹೇಗೆ ಸಿಗಬೇಕು? ಬಹಳ ನೋವಾಯಿತು. ಪೊಟ್ಟಣವನ್ನು ಮತ್ತೆ ಸುತ್ತಿ ನನ್ನ ಚೀಲಕ್ಕೆ ಹಾಕಿದೆ.

ಹಾಗಾದರೆ ಈಗ ಎರಡಾಯಿತಲ್ಲ, ಹೊಸದು ಎಲ್ಲಿಟ್ಟಿದ್ದೀಯ ಎಂದು ಸಮರ್ಥ ಕೇಳಿದ.

ಯೋಚಿಸಿದೆ. ಸಿರಪ್ ಇದೆ, ಟೋಪಿ ಇದೆ, ಬಕೆಟ್ ಇದೆ. ಫ್ರಿಜ್ಜಿನ ಮೇಲೆ ಇರಬೇಕು. ಬುಧವಾರ ಅಲ್ಲಿಟ್ಟದ್ದು, ಆಮೇಲೆ ಅದರ ನೆನಪೇ ಬಂದಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅದರಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದೆ. ಏನಿಲ್ಲ ಎಂದು ಪುಳಿಯೋಗರೆಯ ಡಬ್ಬಿ ತೆಗೆದ.

ಕಿಟ್ಟು ಕರೆಯುತ್ತಿದ್ದಾನೆ. ಹೊರಗೆ ಕತ್ತಲಾಗುತ್ತಿದೆ, ದೀಪ ಹತ್ತಿದ ಒಂದೊಂದು ಮನೆಗೂ ಇಬ್ಬರೂ ಟಾಟಾ ಮಾಡುತ್ತಿದ್ದಾರೆ.

ಮೇ 10, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಚುಟುಕಾಗಿ.

ಅತ್ತೆ ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದಾರೆ, ಮೇಲೆ ಬನ್ನಿ ಎಂದರೆ ಕೇಳುವುದಿಲ್ಲ. ಮಾವ ದಡದಿಂದಲೇ ಸಮುದ್ರಕ್ಕೆ ಸಲಹೆ ಕೊಡುತ್ತಿದ್ದಾರೆ. ಕಿಟ್ಟು ಮರಳು ತಿಂದ, ಇನ್ನೂ ಏನೂ ಆಗಿಲ್ಲ. ಇಲ್ಲಿ ಪುಟ್ಟ ಏಡಿಗಳಿವೆ, ಮರಳಿನಲ್ಲಿ ತೂತು ಕೊರೆದು ಸುತ್ತಲೂ ಸಣ್ಣ ಉಂಡೆಗಳನ್ನು ಹರಡಿಡುತ್ತವೆ. ಆ ಉಂಡೆಗಳು ಯಾಕೆ? ಬೆಳಿಗ್ಗೆಯಿಂದ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೇನೆ, ಈ ಪುಟದ ಹಿಂದೆ ಚಿತ್ರ ಬರೆದಿದ್ದೇನೆ. ಊರಿಗೆ ಹೋದ ಕೂಡಲೇ ಭೂತಗನ್ನಡಿ ಹುಡುಕಬೇಕು.

ಧಾತ್ರಿ ಇವತ್ತು ಕಚ್ಚುತ್ತಾ ಎಂದು ಕೇಳಲಿಲ್ಲ. ನನ್ನ ಚೀಲದಿಂದ ಥರ್ಮಾಮೀಟರ್ ಎಳೆದುಕೊಂಡು ಅಜ್ಜಿಯ ಹತ್ತಿರ ಓಡಿ, ಬಂದ ಅಲೆಗೆ ಅದನ್ನು ಅದ್ದಿ, ನಾನು ಮಾಡುವ ಹಾಗೆಯೇ ಹುಬ್ಬು ಗಂಟಿಕ್ಕಿ ಕಾದಳು. ಆಮೇಲೆ ಎತ್ತಿ ನೋಡಿ ನನ್ನ ಕಡೆಗೆ ಕೂಗಿದಳು. ಉಪ್ಪುನೀರಿಗೆ ಅದರ ಪರದೆ ಆರಿಹೋಗಿದೆ, ಇನ್ನು ಹತ್ತುವ ಹಾಗೆ ಕಾಣುವುದಿಲ್ಲ. ಅವಳು ಕೂಗಿದ್ದನ್ನೇ ಬರೆದುಕೊಳ್ಳುತ್ತೇನೆ.

ಸಮುದ್ರ: ಜ್ವರ ಇಲ್ಲ.